ಧೂಳಿನ ಕಣ, ಚಿತ್ರದ ಸತ್ಯ

ಬೆಳಗ್ಗೆ ಗುಡಿಸಿದ ಅಂಗಳದಲ್ಲಿ ಸಂಜೆಯ ಹೊತ್ತಿಗೆ ಮತ್ತೆ ಧೂಳು ಕೂಡಿರುತ್ತದೆ. ಮುಚ್ಚಿದ ಪೆಟ್ಟಿಗೆಯೊಳಕ್ಕೂ ಗಾಜಿನ ಬೀರುವಿನೊಳಕ್ಕೂ ಅದು ಹೇಗೋ ದಾರಿ ಮಾಡಿಕೊಳ್ಳುತ್ತದೆ. ಮನುಷ್ಯನು ನಿರ್ಮಿಸಿದ ಸೂಕ್ಷ್ಮ ಯಂತ್ರಗಳಲ್ಲಿ ಒಂದಾದ ಡಿಜಿಟಲ್ ಕ್ಯಾಮರಾವನ್ನೂ ಅದು ಬಿಟ್ಟಿಲ್ಲ. ಈ ಅಲ್ಪ ಶತ್ರುವಿನೊಡನೆ ತಂತ್ರಜ್ಞರು ನಡೆಸಿದ ಹೋರಾಟದ ಕಥೆ ಸ್ವಾರಸ್ಯವಾದುದು. ಅದರಿಂದ ಕಲಿಯಬೇಕಾದ ಪಾಠವೂ ಉಂಟು.

ಫಿಲಂ ಬಳಸುತ್ತಿದ್ದ ಕಾಲದಲ್ಲಿ ಧೂಳಿನ ಕಾಟ ಇರಲಿಲ್ಲವೆಂದಲ್ಲ. ಆದರೆ ಒಂದು ಚಿತ್ರ ತೆಗೆದೊಡನೆ ಫಿಲಂ ಮುಂದೆ ಸರಿಯುತ್ತಿತ್ತು. ಅದರ ಮೇಲೆ ಬಿದ್ದ ಕಣವೂ ಅದರೊಡನೆ ಸಾಗಿಹೋಗುತ್ತಿತ್ತು. ಮುಂದಿನ ಚಿತ್ರಕ್ಕೆ ಹೊಸ ಹಾಳೆ ಸಿದ್ಧವಾಗಿರುತ್ತಿತ್ತು. ಡಿಜಿಟಲ್ ಕ್ಯಾಮರಾದಲ್ಲಿ ಫಿಲಮಿನ ಸ್ಥಾನವನ್ನು ಸಂವೇದಕವು, ಎಂದರೆ ಸೆನ್ಸರ್, ಪಡೆದಿದೆ. ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವುದು ಅದರ ಕೆಲಸ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು ರೂಪಿಸಿದ ಸಿಸಿಡಿ ಎಂಬ ಸಾಧನ ಇದಕ್ಕೆ ನಾಂದಿಯಾಯಿತು. ಆ ಸಾಧನೆಗಾಗಿ 2009ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಗೌರವ ಸಂದಿತು. ಆದರೆ ಸಂವೇದಕಕ್ಕೆ ಒಂದು ತೊಡಕು ಅಂಟಿಕೊಂಡೇ ಬಂದಿತು. ಸಾವಿರ ಚಿತ್ರ ತೆಗೆದರೂ ಹಾಳೆ ಅದೊಂದೇ. ಅದರ ಮುಂದೆ ಕುಳಿತ ಕಣವು ಆ ಸಾವಿರ ಚಿತ್ರಗಳಲ್ಲಿಯೂ ಒಂದೇ ಎಡೆಯಲ್ಲಿ ಕಲೆಯಾಗಿ ಕಾಣಿಸಿಕೊಳ್ಳುತ್ತದೆ.

ಎಸ್‌ಎಲ್‌ಆರ್ ಕ್ಯಾಮರಾಗಳ ಹಿರಿಮೆಯೇ ಅವುಗಳಿಗೆ ಮುಳುವಾಯಿತು. ದೂರದ ಹಕ್ಕಿಗೆ ಒಂದು ಮಸೂರ, ಹತ್ತಿರದ ಹೂವಿಗೆ ಇನ್ನೊಂದು. ಬೇಕಾದಾಗ ಬೇಕಾದ ಮಸೂರವನ್ನು ಜೋಡಿಸಬಹುದು. ಆದರೆ ಮಸೂರವನ್ನು ಕಳಚಿದ ಪ್ರತಿಸಲವೂ ಕ್ಯಾಮರಾದ ಒಡಲು ಗಾಳಿಗೆ ತೆರೆದುಕೊಳ್ಳುತ್ತದೆ. ಒಳಗೆ ಏಳುವ ಬೀಳುವ ಕನ್ನಡಿಯೂ ಷಟರ್ ಎಂಬ ತೆರೆಯೂ ತಮ್ಮ ಚಲನೆಯಿಂದ ಕಣಗಳನ್ನು ಅತ್ತಿತ್ತ ಹಾರಿಸುತ್ತವೆ. ಕಣವು ವಸ್ತುತಃ ಸಂವೇದಕದ ಮೇಲೆಯೇ ಕೂರುವುದಿಲ್ಲ. ಅದರ ಮುಂದಿರುವ ಶೋಧಕ ಗಾಜಿನ ಮೇಲೆ ಕೂರುತ್ತದೆ. ಚಿತ್ರದಲ್ಲಿ ಕಾಣುವುದು ಅದರ ನೆರಳು. ಬೆಳಕಿನ ರಂಧ್ರವನ್ನು ಅಗಲವಾಗಿ ತೆರೆದಾಗ ಕಿರಣಗಳು ಹಲವು ದಿಕ್ಕುಗಳಿಂದ ಬರುವುದರಿಂದ ನೆರಳು ಚದುರಿ ಮಸುಕಾಗುತ್ತದೆ. ರಂಧ್ರವನ್ನು ಕಿರಿದುಗೊಳಿಸಿದಾಗ ಅದೇ ನೆರಳು ಮೊನಚಾಗುತ್ತದೆ. ನಿರ್ಮಲವಾದ ನೀಲಿ ಆಕಾಶದಲ್ಲಿ ಕಪ್ಪು ಚುಕ್ಕೆಗಳು ಎದ್ದು ಕಾಣುವುದು ಆಗಲೇ. ಕಡ್ಡಿ ಗುಡ್ಡವಾಗುವುದೆಂದರೆ ಇದೇ.

ಈ ತೊಡಕಿಗೆ ಕ್ಯಾಮರಾದೊಳಗೇ ಪರಿಹಾರ ಒದಗಿಸಿದ ಕೀರ್ತಿ ಜಪಾನಿನ ಒಲಿಂಪಸ್ ಸಂಸ್ಥೆಗೆ ಸಲ್ಲಬೇಕು. 2003ರಲ್ಲಿ ಅದು ಹೊರತಂದ ಇ-1 ಎಂಬ ಕ್ಯಾಮರಾದಲ್ಲಿ ಸಂವೇದಕದ ಮುಂದೆ ಒಂದು ತೆಳುವಾದ ಪಾರದರ್ಶಕ ಪದರವಿತ್ತು. ಕ್ಯಾಮರಾವನ್ನು ಚಾಲನೆಗೊಳಿಸಿದೊಡನೆ ಆ ಪದರವು ಮನುಷ್ಯನ ಕಿವಿಗೆ ಕೇಳಿಸದಷ್ಟು ವೇಗದಲ್ಲಿ ಕಂಪಿಸುತ್ತಿತ್ತು. ಮರವನ್ನು ಅಲುಗಿಸಿದರೆ ಹಣ್ಣೆಲೆ ಉದುರುವಂತೆ ಕಣಗಳು ಉದುರಿ, ಕೆಳಗಿನ ಅಂಟುಪಟ್ಟಿಯಲ್ಲಿ ಸೆರೆಯಾಗುತ್ತಿದ್ದವು. 2006ರಲ್ಲಿ ಕ್ಯಾನನ್, ಸೋನಿ, ಪೆಂಟಾಕ್ಸ್ ಸಂಸ್ಥೆಗಳೂ ತಮ್ಮ ಕ್ಯಾಮರಾಗಳಲ್ಲಿ ಇಂತಹ ಏರ್ಪಾಡುಗಳನ್ನು ಅಳವಡಿಸಿದವು. ಕೆಲವು ಶೋಧಕವನ್ನು ಕಂಪಿಸಿದವು. ಕೆಲವು ಸಂವೇದಕವನ್ನೇ ಅಲುಗಿಸಿದವು. ಸ್ಥಾಯೀವಿದ್ಯುತ್ತಿನಿಂದ ಕಣಗಳು ಅಂಟದಂತೆ ಲೇಪನವನ್ನೂ ಬಳಸಲಾಯಿತು. ಕಣ್ಣಿಗೆ ಕಾಣದ ಕಸಕ್ಕೆ ಕಿವಿಗೆ ಕೇಳದ ಪೊರಕೆ! ಮಾನವನ ಜಾಣ್ಮೆಗೆ ತಲೆದೂಗದವರು ಯಾರು?

ಆದರೆ 'ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುವ ಸಂವೇದಕ' ಎಂಬ ಹೆಸರು ಸ್ವಲ್ಪ ಹೆಚ್ಚಿನ ಮಾತನ್ನೇ ಆಡುತ್ತದೆ. ಕಂಪನದಿಂದ ಉದುರುವುದು ಒಣಕಣ ಮಾತ್ರ. ತೇವದಿಂದ ಅಂಟಿದ ಪರಾಗ, ಯಂತ್ರಭಾಗಗಳಿಂದ ಸಿಡಿದ ಎಣ್ಣೆಯ ಹನಿ ಇವು ಅಷ್ಟು ಸುಲಭವಾಗಿ ಬಿಡುವುದಿಲ್ಲ. 2012ರಲ್ಲಿ ನಿಕಾನ್ ಸಂಸ್ಥೆ ಹೊರತಂದ ಡಿ600 ಕ್ಯಾಮರಾದಲ್ಲಿ ಶುಚಿಗೊಳಿಸುವ ಏರ್ಪಾಡು ಇದ್ದರೂ ಅದರ ಚಿತ್ರಗಳಲ್ಲಿ ಕಪ್ಪು ಚುಕ್ಕೆಗಳು ಮೂಡುತ್ತವೆಂದು ಬಳಕೆದಾರರು ದೂರಿದರು. ಕೊನೆಗೆ 2014ರ ಫೆಬ್ರವರಿಯಲ್ಲಿ ಸಂಸ್ಥೆಯು ಆ ಕ್ಯಾಮರಾಗಳನ್ನು ಶುಚಿಗೊಳಿಸಿ, ಷಟರನ್ನು ಬದಲಿಸಿ ಕೊಡುವ ಕೆಲಸವನ್ನು ಉಚಿತವಾಗಿ ಕೈಗೊಳ್ಳಬೇಕಾಯಿತು. ಯಂತ್ರದ ಪೊರಕೆಗೂ ಮಿತಿಯುಂಟು ಎಂಬುದಕ್ಕೆ ಇದು ಸಾಕ್ಷಿ.

'ಕಲೆ ಬಿದ್ದರೇನಂತೆ? ಕಂಪ್ಯೂಟರಿನಲ್ಲಿ ಅಳಿಸಿದರಾಯಿತು' ಎನ್ನುವವರುಂಟು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಖಗೋಳ ವಿಜ್ಞಾನಿಗಳು ಸಮನಾಗಿ ಬೆಳಗಿದ ಬಯಲೊಂದರ ಚಿತ್ರವನ್ನು ಬೇರೆಯಾಗಿ ತೆಗೆದು, ಅದರ ಸಹಾಯದಿಂದ ಧೂಳಿನ ನೆರಳನ್ನು ಲೆಕ್ಕಹಾಕಿ ಕಳೆಯುತ್ತಾರೆ. ಅಲ್ಲಿ ನಿಯಮವಿದೆ, ಅಳತೆಯಿದೆ. ಆದರೆ ಬರಿಯ ಕಣ್ಣಂದಾಜಿನಿಂದ ಅಳಿಸುವಾಗ ಆಗುವುದೇನು? ಪಕ್ಕದ ಭಾಗವನ್ನು ನಕಲು ಮಾಡಿ ಕಲೆಯ ಮೇಲೆ ತೇಪೆ ಹಾಕುತ್ತಾರೆ. ಇಂದು ಧೂಳನ್ನು ಅಳಿಸಿದ ಕೈ ನಾಳೆ ಬೇಡವಾದ ಮರವನ್ನೋ ಮನುಷ್ಯನನ್ನೋ ಅಳಿಸಲು ಹಿಂಜರಿಯದು.

ಇದು ಬರಿಯ ಶಂಕೆಯಲ್ಲ. 2006ರ ಆಗಸ್ಟ್ ತಿಂಗಳಿನಲ್ಲಿ ಲೆಬನಾನಿನ ಬೈರೂತ್ ನಗರದ ಮೇಲೆ ಬಾಂಬು ದಾಳಿ ನಡೆದಾಗ ತೆಗೆದ ಚಿತ್ರವೊಂದನ್ನು ರಾಯ್ಟರ್ಸ್ ಸುದ್ದಿಸಂಸ್ಥೆ ಪ್ರಕಟಿಸಿತು. ಅದರಲ್ಲಿ ಹೊಗೆಯ ಮೋಡಗಳನ್ನು ನಕಲು ಮಾಡಿ ಹೆಚ್ಚಿಸಲಾಗಿತ್ತು. ಛಾಯಾಗ್ರಾಹಕನು ಕೊಟ್ಟ ಸಮಜಾಯಿಷಿ ಏನು ಗೊತ್ತೆ? ಧೂಳಿನ ಕಲೆಗಳನ್ನು ತೆಗೆಯಲು ಹೋಗಿ ತಪ್ಪಾಯಿತು ಎಂಬುದು. ಸಂಸ್ಥೆಯು ಅವನೊಡನೆ ಸಂಬಂಧವನ್ನು ಕಡಿದುಕೊಂಡು, ಅವನ 920 ಚಿತ್ರಗಳನ್ನೂ ತನ್ನ ಭಂಡಾರದಿಂದ ತೆಗೆದುಹಾಕಿತು. ಅವುಗಳಲ್ಲಿ ಎಷ್ಟು ನಿಜವಾದವು ಇದ್ದರೂ ಒಂದನ್ನೂ ನಂಬುವಂತಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಆದುದರಿಂದ ಧೂಳನ್ನು ಚಿತ್ರದಿಂದ ಅಳಿಸುವುದಕ್ಕಿಂತ ಕ್ಯಾಮರಾದಿಂದ ದೂರವಿಡುವುದೇ ಮೇಲು. ಶುಚಿಗೊಳಿಸುವ ಏರ್ಪಾಡಿನ ನಿಜವಾದ ಬೆಲೆ ಇರುವುದು ಇಲ್ಲಿಯೇ. ಅದು ಶ್ರಮವನ್ನಷ್ಟೇ ಉಳಿಸುವುದಿಲ್ಲ. ಚಿತ್ರವನ್ನು ತಿದ್ದುವ ಅಗತ್ಯವನ್ನೇ ಕಡಿಮೆ ಮಾಡುತ್ತದೆ. ಆದರೆ ಯಂತ್ರವು ತನ್ನ ಪಾಲಿನ ಕೆಲಸ ಮಾಡಿದರೆ ಮನುಷ್ಯನೂ ತನ್ನ ಪಾಲಿನದನ್ನು ಮಾಡಬೇಕು. ಗಾಳಿ ಬೀಸುವೆಡೆಯಲ್ಲಿ ಮಸೂರವನ್ನು ಬದಲಿಸಬಾರದು. ಬದಲಿಸುವಾಗ ಕ್ಯಾಮರಾದ ಬಾಯಿ ಕೆಳಮುಖವಾಗಿರಬೇಕು. ಧೂಳು ಕಂಡಿತೆಂದು ಬಾಯಿಂದ ಊದಬಾರದು. ಎಂಜಲಿನ ಹನಿ ಧೂಳಿಗಿಂತಲೂ ಕೆಟ್ಟದು. ರಬ್ಬರಿನ ಗಾಳಿಗುಂಡನ್ನು ಮೃದುವಾಗಿ ಒತ್ತುವುದು ಸರಿಯಾದ ಕ್ರಮ.

ಇತ್ತೀಚಿನ ವರ್ಷಗಳಲ್ಲಿ ಕನ್ನಡಿಯಿಲ್ಲದ ಕ್ಯಾಮರಾಗಳು ಎಸ್‌ಎಲ್‌ಆರ್‌ಗಳ ಸ್ಥಾನವನ್ನು ಬಹುಮಟ್ಟಿಗೆ ಪಡೆದುಕೊಂಡಿವೆ. ಕನ್ನಡಿ ಹೋಯಿತು, ಧೂಳು ಹೋಗಲಿಲ್ಲ. ಅವುಗಳಲ್ಲಿ ಹಲವು ಮಸೂರ ಕಳಚಿದಾಗ ಸಂವೇದಕವನ್ನು ಬಯಲಿಗೇ ಒಡ್ಡುತ್ತವೆ. ಯಂತ್ರಗಳು ಬದಲಾಗುತ್ತವೆ, ಎಚ್ಚರದ ಅಗತ್ಯ ಬದಲಾಗುವುದಿಲ್ಲ. ಪ್ರತಿದಿನ ಬೆಳಗ್ಗೆ ಅಂಗಳ ಗುಡಿಸುವವಳಿಗೆ ಧೂಳು ನಾಳೆಯೂ ಬರುವುದೆಂದು ಗೊತ್ತು. ಆದರೂ ಅವಳು ಪೊರಕೆಯನ್ನು ಕೆಳಗಿಡುವುದಿಲ್ಲ. ಸತ್ಯವನ್ನು ಚಿತ್ರಿಸಹೊರಟವನಿಗೂ ಆ ನಿಷ್ಠೆ ಇರಬೇಕು.