ದಡ್ಡತನವಲ್ಲ, ಪೆಟ್ಟು



ಎಸೆಸೆಲ್ಸಿ ಪರೀಕ್ಷೆ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಸ್ ನಿಲ್ದಾಣಗಳ ತುಂಬ ಹಾಲ್‌ಟಿಕೆಟ್ ಹಿಡಿದ ಮಕ್ಕಳು. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಈ ನಾಲ್ಕು ತಾಲ್ಲೂಕುಗಳಲ್ಲಿ ಆ ಮಕ್ಕಳ ನಡುವೆ ಮೂವತ್ತು ದಾಟಿದ ಹೆಂಗಸರೂ ಒಬ್ಬಿಬ್ಬರು ಕಾಣುತ್ತಾರೆ. ಗಂಡನ ಮನೆ ಬಿಟ್ಟು ಬಂದು, ಎಂದೋ ನಿಂತ ಓದನ್ನು ಮತ್ತೆ ಹಿಡಿದ ಖಾಸಗಿ ಅಭ್ಯರ್ಥಿಗಳು ಇವರು. ಅಂಗನವಾಡಿ ಸಹಾಯಕಿಯ ಕೆಲಸಕ್ಕೂ ಈಗ ಎಸೆಸೆಲ್ಸಿ ಬೇಕು, ಕಾರ್ಯಕರ್ತೆಯಾಗಲು ಪಿಯುಸಿ ಬೇಕು. ಇವರಿಗೆ ಪರೀಕ್ಷೆ ಎಂದರೆ ಅನ್ನದ ಪ್ರಶ್ನೆ.

ಅಂಥವಳೊಬ್ಬಳಿಗೆ ನಾನು ಎರಡು ತಿಂಗಳು ಸಂಜೆ ಹೊತ್ತು ಪಾಠ ಹೇಳಿದೆ. ಅವಳ ಹೆಸರು, ಊರು ಇಲ್ಲಿ ಬೇಡ. ಬೆಳಿಗ್ಗೆ ಓದಿದ್ದು ಸಂಜೆಗೆ ಇರುತ್ತಿರಲಿಲ್ಲ. ಅರ್ಧ ಗಂಟೆಗೆ ತಲೆನೋವು. "ನನ್ನ ತಲೆಗೆ ಹತ್ತಲ್ಲ ಅಕ್ಕ, ನಾನು ದಡ್ಡಿ" ಎನ್ನುತ್ತಿದ್ದಳು. ನಾನೂ ಒಂದೆರಡು ಸಲ ಗದರಿದೆ. ಚಿಕ್ಕವಳಿದ್ದಾಗ ಇಡೀ ಕ್ಲಾಸಿಗೆ ಮಗ್ಗಿ ಹೇಳಿಸುತ್ತಿದ್ದವಳು ಇವಳೇ ಎಂದು ಅವಳ ತಾಯಿ ಹೇಳಿದ ಮೇಲೆ, ತಲೆಗೆ ಯಾವಾಗಲಾದರೂ ಪೆಟ್ಟಾಗಿತ್ತೇ ಎಂದು ಕೇಳಿದೆ. "ಯಾವ ಸಲದ್ದು ಹೇಳಲಿ?" ಎಂದಳು. ಬೈಕಿನ ದುಡ್ಡು ತರಲಿಲ್ಲವೆಂದು ಗೋಡೆಗೆ ತಲೆ ಚಚ್ಚಿದ್ದರು. ಎಚ್ಚರ ತಪ್ಪಿತ್ತು. ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಬಚ್ಚಲಲ್ಲಿ ಜಾರಿ ಬಿದ್ದದ್ದು ಎಂದಿದೆ.

ತಲೆಯ ಪೆಟ್ಟನ್ನು ಕೂದಲು ಮುಚ್ಚುತ್ತದೆ. ಮೂಳೆ ಮುರಿಯದಿರಬಹುದು, ಸ್ಕ್ಯಾನಿನಲ್ಲಿ ಏನೂ ಕಾಣದಿರಬಹುದು. ಆದರೂ ಒಳಗೆ ಮಿದುಳು ಅಲುಗಿ ನೊಂದಿರುತ್ತದೆ. ಹೊಸದನ್ನು ಹಿಡಿದಿಡುವ ಶಕ್ತಿ, ಗಮನ, ಬೇಗ ಯೋಚಿಸುವ ಚುರುಕು ಕುಗ್ಗುತ್ತವೆ. ಪೆಟ್ಟು ಮೇಲಿಂದ ಮೇಲೆ ಬಿದ್ದರೆ, ಕತ್ತು ಹಿಸುಕಿದರೆ ಹಾನಿ ಇನ್ನೂ ಹೆಚ್ಚು. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಸಂಗಾತಿಯಿಂದ ಹೊಡೆತ ತಿಂದ 99 ಹೆಂಗಸರನ್ನು ವಿಚಾರಿಸಿದಾಗ ಮುಕ್ಕಾಲು ಪಾಲಿನಷ್ಟು ಮಂದಿಗೆ ಒಂದು ಸಲವಾದರೂ ಮಿದುಳಿಗೆ ಪೆಟ್ಟಾಗಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನ ಹಿಂಸೆ ಕಂಡವರು. ಇವರಲ್ಲಿ ಎಷ್ಟು ಜನರ ತಲೆಗೆ ಪೆಟ್ಟು ಬಿತ್ತೆಂದು ಲೆಕ್ಕ ಇಟ್ಟವರು ಯಾರು?

ಈ ಪೆಟ್ಟಿನ ಮೇಲೆ ಪರೀಕ್ಷೆಯ ಗಾಬರಿ ಬೇರೆ. ಮೇಲ್ವಿಚಾರಕರು ಬೆನ್ನ ಹಿಂದೆ ಬಂದು ನಿಂತರೆ ಅವಳ ಕೈ ನಡುಗುತ್ತದೆ, ಏಕೆಂದರೆ ಹೊಡೆಯುವವನೂ ಹಾಗೇ ಹಿಂದಿನಿಂದ ಬರುತ್ತಿದ್ದ. ಭಯವೇ ತಲೆ ತುಂಬಿದಾಗ ಓದಿದ್ದಕ್ಕೆ ಜಾಗವೆಲ್ಲಿ? ಕೋರ್ಟಿನಲ್ಲೂ ಇದೇ ಕಥೆ. ಯಾವ ತಾರೀಖು, ಯಾವ ಕೈಯಲ್ಲಿ ಹೊಡೆದ ಎಂದು ಪಾಟೀಸವಾಲಿನಲ್ಲಿ ಕೇಳಿದಾಗ ತಡವರಿಸಿದವಳು ಸುಳ್ಳಿಯಾಗುತ್ತಾಳೆ. ನೆನಪನ್ನು ಕೆಡಿಸಿದವನಿಗೆ ಅವಳ ಮರೆವೇ ರಕ್ಷಣೆ!

ಆದ್ದರಿಂದ ಮೊದಲ ದಿನವೇ ಪೆಟ್ಟು ದಾಖಲಾಗಬೇಕು. ಆಸ್ಪತ್ರೆಯಲ್ಲಿ ನಿಜ ಹೇಳೋಣ, ಎಚ್ಚರ ತಪ್ಪಿದ್ದನ್ನೂ ಬರೆಸೋಣ. ವಾಂತಿ ನಿಲ್ಲದಿದ್ದರೆ, ಮಂಪರು ಕವಿದರೆ, ಫಿಟ್ಸ್ ಬಂದರೆ ತಡ ಮಾಡಬಾರದು. 2005ರ ಕೌಟುಂಬಿಕ ಹಿಂಸೆ ಕಾಯಿದೆಯ ಕೆಳಗೆ ವೈದ್ಯಕೀಯ ವರದಿಯ ಪ್ರತಿ ಅವಳಿಗೆ ಉಚಿತವಾಗಿ ಸಿಗಬೇಕು. ಚಿಕಿತ್ಸೆಯ ಖರ್ಚನ್ನು, ನಷ್ಟವಾದ ಗಳಿಕೆಯನ್ನು 20ನೇ ಕಲಮಿನಲ್ಲಿ ಕೇಳಬಹುದು. ನಮ್ಮಲ್ಲಿ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ. ನೆನಪು, ಗಮನಗಳನ್ನು ಪರೀಕ್ಷಿಸಿ ತರಬೇತಿ ಕೊಡುವ ವ್ಯವಸ್ಥೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಆದರೆ ಪಾವಗಡದ ಹೆಣ್ಣುಮಗಳು ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಹೊಂದಿಸಿ ಎಷ್ಟು ಸಲ ಅಲ್ಲಿಗೆ ಹೋದಾಳು? ತಾಲ್ಲೂಕು ಆಸ್ಪತ್ರೆಯಲ್ಲೇ ಮೊದಲ ತಪಾಸಣೆ ಆಗಲಿ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳ ಪಟ್ಟಿಯಲ್ಲಿ ತಲೆಪೆಟ್ಟಿನ ಹೆಸರಿಲ್ಲ. ಆದರೆ ಶೇ. 40ರ ಅಳತೆ ಮುಟ್ಟದವರಿಗೂ ಪರೀಕ್ಷೆಯಲ್ಲಿ ಬರಹಗಾರರ ನೆರವನ್ನು ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅದೇ ನ್ಯಾಯ ಇವರಿಗೂ ಸಲ್ಲಲಿ. ವೈದ್ಯರ ಪತ್ರ ತಂದವಳಿಗೆ ಹೆಚ್ಚಿನ ಸಮಯ, ಗದ್ದಲವಿಲ್ಲದ ಕೋಣೆ ಸಿಗಲಿ ಎಂಬುದು ನಮ್ಮ ಒತ್ತಾಯ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ನಾನೂ ಅವಳೂ ಕಲಿತದ್ದು ಇಷ್ಟು: ಇಪ್ಪತ್ತು ನಿಮಿಷ ಓದು, ಹತ್ತು ನಿಮಿಷ ಬಿಡುವು. ಓದಿದ್ದನ್ನು ಪುಸ್ತಕ ಮುಚ್ಚಿ ಬಾಯಲ್ಲಿ ಹೇಳುವುದು, ಮಾರನೇ ದಿನ, ಮತ್ತೆ ವಾರ ಬಿಟ್ಟು ಅದನ್ನೇ ಹೇಳುವುದು. ಮುಖ್ಯವಾದದ್ದನ್ನು ಚೀಟಿಯಲ್ಲಿ ಬರೆದು ಒಲೆಯ ಎದುರಿನ ಗೋಡೆಗೆ ಅಂಟಿಸುವುದು. ರಾತ್ರಿ ನಿದ್ದೆಗೆಟ್ಟು ಓದದಿರುವುದು. ಪರೀಕ್ಷಾ ಕೇಂದ್ರವನ್ನು ಹಿಂದಿನ ದಿನವೇ ನೋಡಿ ಬರುವುದು. ಗೊತ್ತಿರುವ ಪ್ರಶ್ನೆಯಿಂದಲೇ ಶುರು ಮಾಡುವುದು.

ಆರರಲ್ಲಿ ನಾಲ್ಕು ವಿಷಯ ಪಾಸಾದಳು. ಉಳಿದೆರಡನ್ನು ಮತ್ತೆ ಕಟ್ಟಿದ್ದಾಳೆ. ತನ್ನನ್ನು ತಾನು ದಡ್ಡಿ ಎಂದುಕೊಳ್ಳುವುದನ್ನು ಬಿಟ್ಟಿದ್ದಾಳೆ. ಗದರುವುದನ್ನು ನಾನೂ ಬಿಟ್ಟಿದ್ದೇನೆ. ನಿಮ್ಮ ಸಂಘದಲ್ಲಿ ಯಾರಾದರೂ "ಎಲ್ಲಾ ಮರೆತುಹೋಗುತ್ತೆ" ಎಂದರೆ ನಗಬೇಡಿ. ಪಕ್ಕದಲ್ಲಿ ಕೂತು, ತಲೆಗೆ ಪೆಟ್ಟಾಗಿತ್ತೇ ಎಂದು ಕೇಳಿ.

- ಸಂಪಾದಕಿ