ಪೇಟೆ ಬೀದಿಯಲ್ಲಿ ಚರ್ಚು ಏಳಬಾರದೆ?

ಅಂಗಡಿ ಬೀದಿಯಲ್ಲಿ ಕ್ರೈಸ್ತರು ಒಂದು ಪ್ರಾರ್ಥನಾ ಮಂದಿರವನ್ನು ಕಟ್ಟಬೇಕೆಂದು ಹೊರಟರೆ ಸಾಕು, ನಮ್ಮ ಸಣ್ಣ ಊರುಗಳಲ್ಲಿ ಗುಸುಗುಸು ಎದ್ದೇ ಏಳುತ್ತದೆ. “ಇಲ್ಲಿ ಅವರ ಮನೆಗಳೆಷ್ಟು? ಇವರಿಗೇಕೆ ಪೇಟೆಯ ನಡುವೆ ಜಾಗ?” ಎಂದು ಕೇಳುವವರಿದ್ದಾರೆ. ಬಾಡಿಗೆ ಮಹಡಿಯಲ್ಲಿ ಹತ್ತು ಜನ ಸೇರಿ ಪ್ರಾರ್ಥಿಸಿದರೂ ಮನೆಯ ಯಜಮಾನನಿಗೆ ಒತ್ತಡ ಬರುತ್ತದೆ. ಅಕ್ಕೂರಿನಿಂದ ಚನ್ನಪಟ್ಟಣದ ಪೇಟೆಗೆ ದುಡಿಯಲು ಬರುವ ಕೂಲಿಗಾರನೂ, ಬೊಂಬೆ ಕಡೆಯುವವನೂ, ರಾಮನಗರದ ಗೂಡಿನ ಮಾರುಕಟ್ಟೆಯ ರೀಲರನೂ ಈ ಮಾತನ್ನು ಒಂದಲ್ಲ ಒಂದು ದಿನ ಕೇಳಿಯೇ ಇದ್ದಾನೆ. ಆದುದರಿಂದ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುವುದು ಒಳ್ಳೆಯದು.

ಮೊದಲನೆಯದಾಗಿ, ಇದು ಹೊಸ ಸಂಗತಿಯೇನೂ ಅಲ್ಲ. ಬೆಂಗಳೂರಿನ ದೊಡ್ಡಪೇಟೆ ಎಂದರೆ ಇಂದಿನ ಅವೆನ್ಯೂ ರಸ್ತೆ. ಅದಕ್ಕಿಂತ ಬೆರಕೆಯಾದ ಬೀದಿ ನಾಡಿನಲ್ಲಿ ಇನ್ನೊಂದುಂಟೆ? ಒಂದು ಪಕ್ಕ ಚಿಕ್ಕಪೇಟೆಯ ಜವಳಿ, ಇನ್ನೊಂದು ಪಕ್ಕ ತರಗುಪೇಟೆಯ ಧಾನ್ಯ. ಶೆಟ್ಟರು, ಮಾರ್ವಾಡಿಗಳು, ಮುಸಲ್ಮಾನರು, ತಿಗಳರು. ಇವರೆಲ್ಲರ ನಡುವೆ ರೈಸ್ ಸ್ಮಾರಕ ಚರ್ಚು ನಿಂತಿದೆ. 1837ರಲ್ಲಿ ಬೆಂಗಳೂರಿಗೆ ಬಂದು ಐವತ್ತು ವರ್ಷ ಇಲ್ಲಿಯೇ ದುಡಿದು 1887ರಲ್ಲಿ ತೀರಿಕೊಂಡ ಲಂಡನ್ ಮಿಶನ್ನಿನ ಬೆಂಜಮಿನ್ ರೈಸ್ ಪಾದ್ರಿಗಳ ಹೆಸರು ಅದಕ್ಕಿದೆ. ಆತ ಕನ್ನಡ ಕಲಿತು, ಕನ್ನಡದಲ್ಲಿ ಬೋಧಿಸಿ, ಕನ್ನಡ ಶಾಲೆಗಳಿಗಾಗಿ ಶ್ರಮಿಸಿದವರು. ಆತನ ಮಗ ಬಿ. ಎಲ್. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ. ನಮ್ಮ ಶಾಸನಗಳನ್ನು ಊರೂರು ತಿರುಗಿ ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕ’ವನ್ನು ಹೊರತಂದವರು ಅವರೇ.

ಆ ಚರ್ಚಿನಿಂದ ಪೇಟೆಯ ಯಾವ ಅಂಗಡಿ ಮುಚ್ಚಿತು? ಯಾವ ದೇವಸ್ಥಾನದ ದೀಪ ಆರಿತು? ಕರಗ ಇಂದಿಗೂ ಅದೇ ಪೇಟೆಯಲ್ಲಿ ಹೊರಡುತ್ತದೆ. ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿಬರುತ್ತದೆ.

ಹಾಗೆಂದು ನಾವು ಕಣ್ಣು ಮುಚ್ಚಿಕೊಂಡು ಹೊಗಳುವವರಲ್ಲ. ಮಿಶನರಿಗಳು ಪರಕೀಯ ಆಳ್ವಿಕೆಯ ನೆರಳಿನಲ್ಲಿ ಕೆಲಸ ಮಾಡಿದರೆಂಬುದು ಚರಿತ್ರೆ. ಆದರೆ ಚರ್ಚೆಲ್ಲವೂ ದೊರೆಗಳ ಕೊಡುಗೆಯೆಂಬುದು ಸುಳ್ಳು. ಶಿವಾಜಿನಗರದ ಸಂತ ಮೇರಿ ಚರ್ಚಿನ ಮೂಲ, ಜಿಂಜಿಯ ಕಡೆಯಿಂದ ಬಂದ ತಮಿಳು ಬೇಸಾಯಗಾರರು ಹಾಕಿಕೊಂಡ ಒಂದು ಹುಲ್ಲಿನ ಗುಡಿಸಲು. ಈಗಿನ ಎತ್ತರದ ಗೋಪುರದ ಕಟ್ಟಡ ಎದ್ದದ್ದು 1875ರಿಂದ 1882ರವರೆಗೆ. ಬೆವರಿನ ಜನ ಕೂಡಿ ಕಟ್ಟಿಕೊಂಡ ಆಸರೆಯನ್ನು ದುಡಿಯುವ ಜನರ ಪತ್ರಿಕೆ ಹೀಗಳೆಯಲಾರದು.

ಎರಡನೆಯದು ಕಾನೂನಿನ ಮಾತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 25ನೆಯ ವಿಧಿ ಪ್ರತಿಯೊಬ್ಬನಿಗೂ ತನ್ನ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. 26ನೆಯ ವಿಧಿ ಧಾರ್ಮಿಕ ಸಂಸ್ಥೆಗಳನ್ನು ಸ್ಥಾಪಿಸುವ, ನಡೆಸುವ ಹಕ್ಕನ್ನು ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಗಳಿಗೆ ಧಕ್ಕೆ ಬರಬಾರದೆಂಬುದಷ್ಟೇ ಕಟ್ಟು. ಪ್ರಚಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ತೀರ್ಪಿತ್ತಿದೆ. ಸರಿ, ಬಲಾತ್ಕಾರ ನಡೆದಲ್ಲಿ ಕಾನೂನು ಕ್ರಮ ಜರುಗಲಿ. ಆದರೆ ಸ್ವಂತ ನಿವೇಶನದಲ್ಲಿ, ಪರವಾನಗಿ ಪಡೆದು, ನಾಲ್ಕು ಗೋಡೆ ಎಬ್ಬಿಸಿ ಮೊಣಕಾಲೂರುವುದು ಯಾವ ಅಪರಾಧ? ಈ ಹಕ್ಕು ಬಹುಸಂಖ್ಯಾತರು ದಯಪಾಲಿಸುವ ಭಿಕ್ಷೆಯಲ್ಲ. ಮನೆಗಳ ಲೆಕ್ಕದ ಮೇಲೆ ಹಕ್ಕು ಕೊಡುವುದಾದರೆ, ನಾಳೆ ಬೇರೊಂದು ಊರಿನಲ್ಲಿ ನಮ್ಮ ಮನೆಗಳ ಲೆಕ್ಕವೂ ಕಡಿಮೆ ಬಿದ್ದೀತು!

ಮೂರನೆಯದಾಗಿ, ಚರ್ಚು ಕಟ್ಟುವವರಿಗೂ ನಮ್ಮ ಮಾತಿದೆ. ಕನಕಪುರ ತಾಲ್ಲೂಕಿನ ಹಾರೋಬೆಲೆ ಬಹುಕಾಲದಿಂದ ಕ್ರೈಸ್ತರು ಬಾಳಿಕೊಂಡು ಬಂದ ಊರು. ಮಣ್ಣಿನ ಮಕ್ಕಳ ಊರು. ಅಲ್ಲಿಯ ಕಪಾಲಬೆಟ್ಟದಲ್ಲಿ 114 ಅಡಿಯ ಏಸುವಿನ ಪ್ರತಿಮೆಗೆ 2019ರ ಕ್ರಿಸ್‌ಮಸ್ ದಿನ ಶಂಕುಸ್ಥಾಪನೆಯಾಯಿತು. ಸರ್ಕಾರ ಮಂಜೂರು ಮಾಡಿದ 10 ಎಕರೆ ಜಮೀನಿನ ಪ್ರಶ್ನೆ ಎದ್ದಿತು. 2020ರ ಜನವರಿಯಲ್ಲಿ ಕನಕಪುರದಲ್ಲಿ ಭಾರಿ ಮೆರವಣಿಗೆ ನಡೆಯಿತು. ತಲೆತಲಾಂತರದಿಂದ ನೆರೆಹೊರೆಯಾಗಿದ್ದ ಬಡ ರೈತರು ಒಂದೇ ತಿಂಗಳಲ್ಲಿ ರಾಜ್ಯದ ಸುದ್ದಿಯಾದರು. ಲಾಭ ಯಾರಿಗೆ? ರೇಷ್ಮೆ ಬೆಳೆಗಾರನ ಗೂಡಿಗೆ ಬೆಲೆ ಏರಿತೆ? ಸಾರ್ವಜನಿಕ ಜಾಗಗಳಲ್ಲಿ ಯಾವ ಧರ್ಮದ ಹೊಸ ಮಂದಿರವೂ ಏಳಕೂಡದೆಂದು ಸುಪ್ರೀಂ ಕೋರ್ಟು 2009ರಲ್ಲೇ ಆಜ್ಞೆ ಮಾಡಿದೆ. ಈ ಆಜ್ಞೆ ಚರ್ಚಿಗೂ ಒಂದೇ, ಗುಡಿಗೂ ಒಂದೇ, ಮಸೀದಿಗೂ ಒಂದೇ. ಆದುದರಿಂದ ಜಾಗ ಸ್ವಂತದ್ದಾಗಿರಲಿ, ಹಣ ಸಭೆಯವರದಾಗಿರಲಿ, ಲೆಕ್ಕ ಬಾಗಿಲಲ್ಲಿ ತೂಗುಹಾಕಿರಲಿ. ರಾತ್ರಿ 10 ಗಂಟೆಯ ಮೇಲೆ ಧ್ವನಿವರ್ಧಕ ಬೇಡವೆಂಬ ನಿಯಮ ಭಜನೆಗೂ ಪ್ರಾರ್ಥನೆಗೂ ಸಮ. ಭಾನುವಾರದ ಗಾಡಿಗಳು ಪಕ್ಕದ ಅಂಗಡಿಯ ಬಾಗಿಲನ್ನು ಮುಚ್ಚದಿರಲಿ. ಆರಾಧನೆ ಕನ್ನಡದಲ್ಲಿ ನಡೆಯಲಿ. ಜನರ ನುಡಿಯಲ್ಲಿ ನಡೆದ ಪೂಜೆಯನ್ನು ಪರಕೀಯವೆನ್ನುವುದು ಯಾರಿಗೂ ಸುಲಭವಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಜಾತಿಯನ್ನು ಹೊಸ್ತಿಲಾಚೆ ಬಿಟ್ಟು ಬರಲಿ. ಸಮಾನತೆಗೆಂದು ಹೋದ ದಲಿತನಿಗೆ ಚರ್ಚಿನೊಳಗೂ ಕಡೆಯ ಸಾಲು ತಪ್ಪಿಲ್ಲ. ಇತ್ತ 1950ರ ರಾಷ್ಟ್ರಪತಿಗಳ ಆಜ್ಞೆಯಂತೆ ಕ್ರೈಸ್ತನಾದವನಿಗೆ ಪರಿಶಿಷ್ಟ ಜಾತಿಯ ಸ್ಥಾನವೂ ಇಲ್ಲ. ಎರಡೂ ಕಡೆ ಸೋತವನು ಅವನೇ. ಅವನನ್ನು ‘ಆಮಿಷಕ್ಕೆ ಬಿದ್ದವ’ ಎಂದು ಹಂಗಿಸುವವರು, ಅವನಿಗೆ ತಮ್ಮ ಗುಡಿಯ ಬಾಗಿಲನ್ನು ಎಂದು ತೆರೆದಿದ್ದರೆಂದು ಎದೆಮುಟ್ಟಿ ಹೇಳಲಿ.

ಕೊನೆಯದಾಗಿ ಗಿರಣಿಯ ಸಂಗಾತಿಗಳಿಗೆ ಒಂದು ಮಾತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಜಾತಿ ಕಳೆದುಕೊಂಡು ಕಸುಬೂ ಕಳೆದುಕೊಂಡವರಿಗೆ ಅಲ್ಲಿ ಕೆಲಸ ಸಿಕ್ಕಿತು. ಅದು ಉಪಕಾರವೇ ಹೌದು. ಆದರೆ ಅಲ್ಲಿಯೂ ಹೆಂಚು ಹೊತ್ತವನು ಕೂಲಿಗಾರ, ಕೂಲಿ ಗೊತ್ತುಮಾಡಿದವನು ಮಾಲೀಕ. ಮಾಲೀಕ ಯಾವ ದೇವರಿಗೆ ಕೈಮುಗಿದರೂ ಮಜೂರಿಯ ಪ್ರಶ್ನೆ ಬದಲಾಗುವುದಿಲ್ಲ. ಯಂತ್ರದ ಮುಂದೆ ಮಾದಪ್ಪನೂ ಮಸ್ತಾನನೂ ಮರಿಯಪ್ಪನೂ ಒಂದೇ ಪಾಳಿಯವರು. ಇವರು ಚರ್ಚಿನ ಗೋಡೆಗಾಗಿ ಬಡಿದಾಡಿದ ದಿನ ಸಂಘ ಒಡೆಯುತ್ತದೆ. ಸಂಘ ಒಡೆದ ದಿನ ಬೋನಸ್ಸಿನ ಮಾತು ಯಾರೂ ಎತ್ತುವುದಿಲ್ಲ.

ಆದುದರಿಂದ ಸಣ್ಣ ವ್ಯಾಪಾರಿಗಳ ಸಂಘದವರಲ್ಲಿ ನಮ್ಮ ಬಿನ್ನಹವಿಷ್ಟೆ: ನಿಮ್ಮ ಬೀದಿಯಲ್ಲಿ ಚರ್ಚು ಕಟ್ಟಲು ಯಾರಾದರೂ ಬಂದರೆ ಠಾಣೆಗೆ ಓಡುವ ಮೊದಲು ಅವರನ್ನು ಕರೆದು ಕೂರಿಸಿ. ನಕ್ಷೆ ನೋಡಿ, ಗಾಡಿ ನಿಲ್ಲುವ ಜಾಗ ಕೇಳಿ, ಹೊತ್ತುಗೊತ್ತು ಗೊತ್ತುಮಾಡಿಕೊಳ್ಳಿ. ಆಮೇಲೆ ನಿಮ್ಮ ಅಂಗಡಿಯಿಂದಲೇ ಸಿಮೆಂಟು, ಸುಣ್ಣ, ಮೊಳೆ ಕೊಡಿ. ಹಬ್ಬದ ದಿನ ಅವರು ಬಟ್ಟೆ, ಬೆಲ್ಲ ಕೊಳ್ಳಲು ಬರುವುದೂ ನಿಮ್ಮಲ್ಲಿಗೇ ತಾನೆ?