ಒಳಗೆ ಸುಡುವ ದರಗು, ಹೊರಗೆ ಕೊಳ್ಳುವ ಗೊಬ್ಬರ

ಶಿವರಾತ್ರಿಗೆ ಚಳಿ ಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ವಿಶ್ವವಿದ್ಯಾಲಯದ ಕಾಂಪೌಂಡಿಗೆ ಅಂಟಿಕೊಂಡ ಊರುಗಳಲ್ಲಿ ಚಳಿ ಹೋದ ಬೆನ್ನಿಗೇ ಹೊಗೆ ಬರುತ್ತದೆ. ಮಳೆ ಮರ, ಹೊಂಗೆ, ತೇಗ, ಬಾದಾಮಿ ಎಲೆ ಉದುರಿಸುವ ಕಾಲ ಅದು. ಬೆಳಿಗ್ಗೆ ಗುಡಿಸಿದ ದರಗು ರಸ್ತೆ ಬದಿಯಲ್ಲಿ ಗುಡ್ಡೆ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಅದಕ್ಕೆ ಬೆಂಕಿ ಬೀಳುತ್ತದೆ.

ಇದೇ ತಿಂಗಳಲ್ಲಿ ಕಾಂಪೌಂಡಿನ ಹೊರಗೆ ಏನು ನಡೆಯುತ್ತಿರುತ್ತದೆ ಎಂದು ನಿಮಗೆ ನಾವು ಹೇಳಬೇಕಾಗಿಲ್ಲ. ಯುಗಾದಿಯ ಆಸುಪಾಸಿನಲ್ಲಿ ಹೊಲಕ್ಕೆ ಗೊಬ್ಬರ ಹೊಡೆಯಬೇಕು. ಮನೆಯಲ್ಲಿ ಎತ್ತು ಇಲ್ಲ, ಎಮ್ಮೆ ಒಂದಿದ್ದರೆ ಹೆಚ್ಚು, ತಿಪ್ಪೆಗುಂಡಿ ಅರ್ಧವೂ ತುಂಬಿಲ್ಲ. ಒಂದು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರಕ್ಕೆ ಈ ವರ್ಷ ಎಷ್ಟು ಕೊಟ್ಟಿರಿ ಎಂಬುದು ನಿಮಗೇ ಗೊತ್ತು. ಅದರಲ್ಲಿ ಅರ್ಧ ಮಣ್ಣಿತ್ತು ಎಂಬುದೂ ಗೊತ್ತು.

ಹಾಗಾಗಿ ನಮ್ಮ ಮಾತು ಸರಳ. ನೂರಾರು ಎಕರೆ ಮರ ಇಟ್ಟುಕೊಂಡ ವಿಶ್ವವಿದ್ಯಾಲಯ ತನ್ನ ಎಲೆ, ಹುಲ್ಲು, ಕೊಂಬೆಯನ್ನು ಸುಡಬಾರದು. ಅದು ಕಸವಲ್ಲ, ಆಸ್ತಿ. ಬಸ್ಸು, ಕುರ್ಚಿ, ಕಂಪ್ಯೂಟರಿಗೆ ಲೆಕ್ಕ ಇರುವ ಹಾಗೆ ಇದಕ್ಕೂ ಲೆಕ್ಕ ಇರಬೇಕು. ಆವರಣದ ಮಣ್ಣಿಗೆ ಬೇಕಾದಷ್ಟು ಅಲ್ಲೇ ಉಳಿಯಲಿ. ಮಿಕ್ಕಿದ್ದರಲ್ಲಿ ಸುತ್ತಲಿನ ಊರುಗಳಿಗೆ ಪಾಲು ಸಿಗಲಿ.

ನಮ್ಮ ಜಿಲ್ಲೆಯ ಒಂದು ಆವರಣವನ್ನು ನಾವು ಕೆಲವು ವರ್ಷಗಳಿಂದ ಸುದ್ದಿಗಾಗಿ ಸುತ್ತುತ್ತಿದ್ದೇವೆ. ಹೆಸರು ಬೇಡ, ಒಂದರ ಕಥೆಯಾಗಿದ್ದರೆ ಹೆಸರು ಹಾಕುತ್ತಿದ್ದೆವು. ಅಲ್ಲಿ ಎರೆಗೊಬ್ಬರದ ತೊಟ್ಟಿಗಳಿವೆ, ಮೇಲೆ ಶೀಟಿನ ಚಾವಣಿ ಇದೆ, ಬಣ್ಣದ ಬೋರ್ಡೂ ಇದೆ. ನ್ಯಾಕ್ ತಂಡ ಬರುವ ವಾರ ತೊಟ್ಟಿಗೆ ಸಗಣಿ ಬರುತ್ತದೆ, ಹುಳು ಬರುತ್ತದೆ, ಹೊಗೆ ನಿಲ್ಲುತ್ತದೆ. ತಂಡ ಹೋದ ಮೇಲೆ ತೊಟ್ಟಿಯಲ್ಲಿ ನಾಯಿ ಮರಿ ಹಾಕುತ್ತದೆ. ಕಡ್ಡಿ ಗೀರುವವರು ದಿನಗೂಲಿಯ ಮಾಲಿಗಳು, ಆದರೆ ಅವರನ್ನು ಬೈದು ಪ್ರಯೋಜನವಿಲ್ಲ. ಸಂಜೆಯೊಳಗೆ ರಸ್ತೆ ಚೊಕ್ಕಟವಾಗಿ ಕಾಣಬೇಕು ಎಂಬುದಷ್ಟೇ ಅವರಿಗಿರುವ ಅಪ್ಪಣೆ. ಗುಡಿಸಿದ್ದನ್ನು ಎಲ್ಲಿಗೆ ಸಾಗಿಸಬೇಕು, ಯಾವ ಗಾಡಿಯಲ್ಲಿ ಎಂದು ಯಾರೂ ಹೇಳಿಲ್ಲ. ಗಾಡಿ ಇಲ್ಲದವನ ಕೈಯಲ್ಲಿ ಉಳಿಯುವುದು ಬೆಂಕಿಪೊಟ್ಟಣವೇ.

ಹೀಗೆ ಸುಡುವ ಸಂಸ್ಥೆಗಳಿಗೆ ಗೊಬ್ಬರ ಮಾಡುವುದು ಹೇಗೆಂದು ಗೊತ್ತಿಲ್ಲ ಎನ್ನಲಾಗದು. ಕಾಂಪೋಸ್ಟ್ ಮಾಡುವ ಒಂದು ಪದ್ಧತಿಗೆ ಜಗತ್ತಿನ ಪಠ್ಯಪುಸ್ತಕಗಳಲ್ಲಿ ‘ಬೆಂಗಳೂರು ವಿಧಾನ’ ಎಂದೇ ಹೆಸರು. 1939ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ ರೂಪಿಸಿದ್ದು ಅದು. ಸುಮಾರು ಒಂದು ಮೀಟರ್ ಆಳದ ಕಂದಕ, ಒಂದು ಪದರ ಕಸ, ಒಂದು ಪದರ ಮಲ ಅಥವಾ ಸಗಣಿ, ಮತ್ತೆ ಕಸ, ಕೊನೆಗೆ ಮೇಲೆ ಗೇಣುದ್ದ ಮಣ್ಣು. ಮಗುಚಿ ಹಾಕುವ ಕೆಲಸವಿಲ್ಲ, ಮತ್ತೆ ಮತ್ತೆ ನೀರು ಹೊಡೆಯುವ ಕೆಲಸವೂ ಇಲ್ಲ. ನಾಲ್ಕೈದು ತಿಂಗಳು ಬಿಟ್ಟು ತೆಗೆದರೆ ಗೊಬ್ಬರ. ಅದಕ್ಕೂ ಮೊದಲೇ, 1920ರ ದಶಕದಲ್ಲಿ, ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿ ನಮ್ಮ ದೇಶದ ರೈತರಿಂದ ಕಲಿತು ಮಗುಚುವ ಪದ್ಧತಿಯೊಂದನ್ನು ಬರೆದಿಟ್ಟಿದ್ದರು. ಅದಕ್ಕೆ ‘ಇಂದೋರ್ ವಿಧಾನ’ ಎಂದು ಹೆಸರು. ಎರೆಹುಳುವಿನ ಮಾತಿಗೆ ಬಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ರಾಧಾ ಕಾಳೆ ಅವರ ಹೆಸರು ಬಿಟ್ಟು ಮುಂದೆ ಹೋಗುವಂತಿಲ್ಲ. ಜಿಕೆವಿಕೆಯಲ್ಲಿ ಅವರು ಮಾಡಿದ ಕೆಲಸದಿಂದಲೇ ಎರೆಗೊಬ್ಬರ ಎಂಬ ಮಾತು ನಮ್ಮ ಹಳ್ಳಿಗಳವರೆಗೆ ಬಂತು.

ಕೃಷಿ ಓದುವ ಹುಡುಗರು ಈ ಎರಡೂ ವಿಧಾನಗಳ ವ್ಯತ್ಯಾಸವನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಳ್ಳುತ್ತಾರೆ. ಬರೆಯುವಾಗ ಕಿಟಕಿಯಾಚೆ ಹೊಗೆ ಏಳುತ್ತಿದ್ದರೂ ಅಂಕವೇನೂ ಕಡಿಮೆಯಾಗುವುದಿಲ್ಲ.

ದರಗು ಬೇಗ ಕೊಳೆಯುವುದಿಲ್ಲ ಎಂಬ ದೂರು ನಿಜ. ಒಣ ಎಲೆಯನ್ನಷ್ಟೇ ಗುಡ್ಡೆ ಹಾಕಿದರೆ ವರ್ಷವಾದರೂ ಹಾಗೇ ಇರುತ್ತದೆ. ಕಾರಣ ಇಷ್ಟೇ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇರುವ ಊಟ ಹಿಡಿಸುತ್ತದೆ. ಒಣ ಎಲೆಯಲ್ಲಿ ಇಂಗಾಲ 40ರಿಂದ 80 ಪಾಲು ಇರುತ್ತದೆ, ಮರದ ಹೊಟ್ಟಿನಲ್ಲಿ ಕೆಲವು ನೂರು ಪಾಲು. ಸಗಣಿಯಲ್ಲಿ 20ರ ಸುಮಾರು, ಹಸಿ ಹುಲ್ಲಿನಲ್ಲೂ ಅಷ್ಟೇ. ಅಂದರೆ ಒಣದರ ಜೊತೆ ಹಸಿಯದು ಸೇರಬೇಕು. ನಮ್ಮ ಅಜ್ಜಿಯರು ತಿಪ್ಪೆಗೆ ಒಲೆ ಬೂದಿ, ದರಗು, ಗಂಜಲ, ಸಗಣಿ ಎಲ್ಲ ಸೇರಿಸಿ ಹಾಕುತ್ತಿದ್ದುದು ಈ ಲೆಕ್ಕ ಗೊತ್ತಿದ್ದು ಅಲ್ಲ, ಆದರೆ ಲೆಕ್ಕ ಸರಿಯಾಗಿಯೇ ಬರುತ್ತಿತ್ತು.

ಈಗ ಯೋಚಿಸಿ. ವಿಶ್ವವಿದ್ಯಾಲಯದ ಒಳಗೇ ಹಾಸ್ಟೆಲ್‌ಗಳಿವೆ. ಅವುಗಳ ಅಡುಗೆಮನೆಯಲ್ಲಿ ದಿನಾ ತರಕಾರಿ ಸಿಪ್ಪೆ, ಮಿಕ್ಕಿದ ಅನ್ನ. ಅದು ಹಸಿ, ಸಾರಜನಕ ಹೆಚ್ಚಿರುವ ಕಸ, ಸುಮ್ಮನೆ ಬಿಟ್ಟರೆ ನಾರುತ್ತದೆ. ಅರ್ಧ ಕಿಲೋಮೀಟರ್ ಆಚೆ ಒಣ ದರಗಿನ ಗುಡ್ಡೆ, ಸುಮ್ಮನೆ ಬಿಟ್ಟರೆ ಕೊಳೆಯುವುದಿಲ್ಲ. ಒಂದರ ಕಾಯಿಲೆಗೆ ಇನ್ನೊಂದು ಔಷಧ. ಎರಡನ್ನೂ ಒಂದು ಕಡೆ ತಂದು, ಹಿಂಡಿದ ಬಟ್ಟೆಯಷ್ಟು ತೇವ ಇಟ್ಟು, ವಾರಕ್ಕೊಮ್ಮೆ ಮಗುಚಿದರೆ ಗುಡ್ಡೆಯ ಹೊಟ್ಟೆಯಲ್ಲಿ 55ರಿಂದ 60 ಡಿಗ್ರಿ ಬಿಸಿ ಏಳುತ್ತದೆ, ಕಳೆಯ ಬೀಜವೂ ಬಹುಮಟ್ಟಿಗೆ ಸಾಯುತ್ತದೆ. ಒಂದನ್ನು ಸುಟ್ಟು, ಇನ್ನೊಂದನ್ನು ಕಂಟ್ರಾಕ್ಟರನ ಲಾರಿಗೆ ದುಡ್ಡು ಕೊಟ್ಟು ಹೊರಗೆ ಕಳಿಸುವುದು ಯಾವ ಶಾಸ್ತ್ರವೋ ನಮಗೆ ತಿಳಿಯದು.

ಸುಟ್ಟರೂ ಬೂದಿ ಗೊಬ್ಬರವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅರ್ಧ ನಿಜ. ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ, ಸುಣ್ಣದಂಶ ಉಳಿಯುತ್ತದೆ. ಸಾರಜನಕ ಹೊಗೆಯಲ್ಲಿ ಹೋಗುತ್ತದೆ, ಮಣ್ಣನ್ನು ಮೆದುಗೊಳಿಸಿ ನೀರು ಹಿಡಿಯುವಂತೆ ಮಾಡುವ ಇಂಗಾಲವೂ ಹೋಗುತ್ತದೆ. ನಮ್ಮ ಮಸಾರಿ ಹೊಲಗಳಿಗೆ ಹೆಚ್ಚು ಬೇಕಾಗಿರುವುದೇ ಅದು. ಆ ಹೊಗೆ ಯಾರ ಎದೆಗೆ ಹೋಗುತ್ತದೆ ಎಂದರೆ, ಗಾಳಿ ಯಾವ ಕಡೆ ಬೀಸುತ್ತದೋ ಆ ಊರಿನವರ ಎದೆಗೆ. ಗುಡಿಸಿದ ರಾಶಿಯಲ್ಲಿ ಚಿಪ್ಸ್ ಪ್ಯಾಕೆಟ್ಟು, ಬಾಟಲಿಯೂ ಇರುತ್ತವೆ, ಬೆಂಕಿ ಎಲೆಯನ್ನು ಆರಿಸಿ ಸುಡುವುದಿಲ್ಲ.

ಕಾನೂನೂ ಸುಮ್ಮನಿಲ್ಲ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿತು. ಸಣ್ಣದಾಗಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ. ಅದೇ ವರ್ಷದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಬರುವ ಕಟ್ಟಡ-ಆವರಣಗಳನ್ನು ದೊಡ್ಡ ಉತ್ಪಾದಕರು ಎಂದು ಕರೆದವು. ಆ ಪಟ್ಟಿಯಲ್ಲಿ ವಿಶ್ವವಿದ್ಯಾಲಯ ಎಂಬ ಪದವೇ ಇತ್ತು. ತೋಟದ ಕಸವನ್ನು ಬೇರೆಯಾಗಿ ತಮ್ಮ ಜಾಗದಲ್ಲೇ ಇಟ್ಟುಕೊಳ್ಳಬೇಕು ಎಂದೂ ಬರೆದಿತ್ತು. ಆ ನಿಯಮ ಬರೆದದ್ದು ಮುಖ್ಯವಾಗಿ ನಗರ ಪಟ್ಟಣಗಳಿಗೆ, ನಮ್ಮದು ಗ್ರಾಮ ಪಂಚಾಯಿತಿ ವ್ಯಾಪ್ತಿ ಎಂದು ಕೆಲವು ಅಧಿಕಾರಿಗಳು ಜಾರಿಕೊಳ್ಳಬಹುದು. ಜಾರಿಕೊಳ್ಳಲಿ. ಹೊಗೆಗೆ ಪಂಚಾಯಿತಿ ಗಡಿ ಗೊತ್ತಿಲ್ಲ.

ಎಲೆಯ ಮಾತು ಸುಲಭ. ಕಟ್ಟಿಗೆಯ ಮಾತು ಹಾಗಲ್ಲ, ಅಲ್ಲಿ ದುಡ್ಡಿದೆ.

ಮಳೆಗಾಲದ ಗಾಳಿಗೆ ಮರ ಬೀಳುತ್ತದೆ. ವಿದ್ಯುತ್ ತಂತಿಗೆಂದು ಕೊಂಬೆ ಕಡಿಯುತ್ತಾರೆ. ದಪ್ಪನೆಯ ದಿಮ್ಮಿ ಇದ್ದರೆ ಅದಕ್ಕೆ ದಾರಿ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕಡಿದದ್ದಕ್ಕೆ ಬೆಲೆ ಕಟ್ಟಬೇಕು, ಹರಾಜಾಗಬೇಕು, ದುಡ್ಡು ಸಂಸ್ಥೆಯ ಖಾತೆಗೆ ಬರಬೇಕು. ಕಾಗದದ ಮೇಲೆ ಇಷ್ಟೂ ಇದೆ. ಬಿದ್ದ ಮರ ಮೂರು ದಿನ ಬಿದ್ದಲ್ಲೇ ಇದ್ದು ನಾಲ್ಕನೇ ದಿನ ಕಾಣದಿದ್ದರೆ ಅದು ಯಾವ ಸಾಮಿಲ್ಲಿಗೆ ಹೋಯಿತು ಎಂದು ಕೇಳುವವರಿರಬೇಕು.

ಆದರೆ ನಮಗೆ ಹೆಚ್ಚು ಕಾಡುವುದು ದಿಮ್ಮಿಯಲ್ಲ, ಪುಳ್ಳೆ. ಗ್ಯಾಸ್ ಸಿಲಿಂಡರ್ ಮನೆಮನೆಗೆ ಬಂದಿದೆ, ನಿಜ. ಅಡುಗೆಗೆ ಗ್ಯಾಸು, ಸ್ನಾನದ ಹಂಡೆಗೆ ಸೌದೆ ಎನ್ನುವುದೇ ಇವತ್ತಿಗೂ ನಮ್ಮ ಎಷ್ಟೋ ಮನೆಗಳ ಲೆಕ್ಕ. ಕಾಂಪೌಂಡಿನ ಸಂದಿಯಲ್ಲಿ ನುಗ್ಗಿ ಒಣ ಪುಳ್ಳೆ ಆರಿಸುವ ಹೆಂಗಸರನ್ನು ಸೆಕ್ಯುರಿಟಿಯವರು ಬೆದರಿಸಿ ಹೊರೆ ಕೆಳಗಿಳಿಸುವುದನ್ನು ನಾವು ನೋಡಿದ್ದೇವೆ. ಇಳಿಸಿದ ಹೊರೆ ಮರುದಿನ ದರಗಿನ ಗುಡ್ಡೆಯ ಜೊತೆ ಉರಿಯುತ್ತದೆ. ಕದ್ದರೆ ತಪ್ಪು, ಸುಟ್ಟರೆ ಸ್ವಚ್ಛತೆ! ಆ ಹೆಂಗಸರಲ್ಲಿ ಕೆಲವರ ಮಾವಂದಿರ ಹೊಲವೇ ಈಗ ಆವರಣದೊಳಗಿದೆ ಎಂಬುದನ್ನು ಯಾವ ಘಟಿಕೋತ್ಸವ ಭಾಷಣದಲ್ಲೂ ನಾವು ಕೇಳಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ನಾಳೆ ವಿಶ್ವವಿದ್ಯಾಲಯ ನಿಜಕ್ಕೂ ಎಚ್ಚೆತ್ತುಕೊಂಡಿತು ಎನ್ನಿ. ಟೆಂಡರ್ ಕರೆಯುತ್ತಾರೆ, ಕಂಪನಿಯೊಂದು ಬರುತ್ತದೆ, ಕೊಂಬೆ ಪುಡಿ ಮಾಡುವ ಯಂತ್ರ ನಿಲ್ಲಿಸುತ್ತದೆ, ಎಲೆ-ಕಡ್ಡಿ ಎಲ್ಲವನ್ನೂ ಮೂಟೆ ಕಟ್ಟಿ ಪಟ್ಟಣದ ನರ್ಸರಿಗೆ ಮಾರುತ್ತದೆ. ಹೊಗೆ ನಿಲ್ಲುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಪುಳ್ಳೆ ಆರಿಸುವವರಿಗೆ ಮಾತ್ರ ಇದ್ದ ಸಂದಿಯೂ ಮುಚ್ಚುತ್ತದೆ. ಅಂಥ ಮರುಬಳಕೆ ನಮಗೆ ಬೇಡ. ಮಣಿಕಟ್ಟಿಗಿಂತ ತೆಳ್ಳಗಿನ ಒಣ ಕಡ್ಡಿಯನ್ನು ವಾರಕ್ಕೆರಡು ದಿನ, ಗೊತ್ತಾದ ಹೊತ್ತಿನಲ್ಲಿ, ಗೇಟಿನ ಬಳಿ ಹೊರೆ ಮಾಡಿ ಇಟ್ಟರೆ ಸಾಕು. ಚೀಟಿ ಕೊಟ್ಟು ಕಳಿಸಲಿ. ಸೆಕ್ಯುರಿಟಿಯವರಿಗೂ ಓಡಾಟ ತಪ್ಪುತ್ತದೆ.

ಯಂತ್ರ ಬೇಡವೆಂದಲ್ಲ. ಹಸಿ ಕೊಂಬೆ, ಮುಳ್ಳು, ಒಲೆಗೆ ಆಗದ ಸೊಪ್ಪು ಬೇಕಾದಷ್ಟಿರುತ್ತದೆ. ಅದನ್ನು ಚೂರು ಮಾಡಿ ಗಿಡದ ಬುಡಕ್ಕೆ ಹೊದಿಕೆಯಾಗಿ ಹಾಕಿದರೆ ಬೇಸಿಗೆಯಲ್ಲಿ ನೀರು ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ. ಮರದ ಚೂರನ್ನು ಮಣ್ಣಿನ ಮೇಲೆ ಹಾಸಬೇಕು, ಒಳಗೆ ಬೆರೆಸಬಾರದು ಅಷ್ಟೇ. ಬೆರೆಸಿದರೆ ಕೊಳೆಯುವಾಗ ಅದು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಗಿಡ ಹಳದಿಗೆ ತಿರುಗುತ್ತದೆ. ತೋಟದವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು, ನಿಮ್ಮ ಅಡಿಕೆ, ತೆಂಗಿಗೂ ಇದೇ ಮಾತು. ಗೆದ್ದಲಿನ ಭಯ ಇದ್ದರೆ ಹೊದಿಕೆಯನ್ನು ಕಾಂಡಕ್ಕೆ ತಾಗಿಸದೆ ಒಂದಡಿ ಬಿಟ್ಟು ಹಾಕಿ. ಪೊಟರೆ ಬಿದ್ದ ಒಣ ಮರವೊಂದು ದಾರಿಗೆ ಅಡ್ಡವಿಲ್ಲದಿದ್ದರೆ ನಿಂತಲ್ಲೇ ನಿಲ್ಲಲಿ, ಮರಕುಟಿಗ, ಗೂಬೆ, ಗಿಳಿಗಳಿಗೆ ಮನೆ ಬೇಕಲ್ಲ.

ಅಧಿಕಾರಿಗಳ ಒಂದು ಮಾತನ್ನು ನಾವು ಒಪ್ಪುತ್ತೇವೆ. ದರಗು ಹಾಗೇ ಬಿಟ್ಟರೆ ಏಪ್ರಿಲ್ ಬಿಸಿಲಿಗೆ ಒಂದು ಬೀಡಿ ತುಂಡು ಸಾಕು, ಇಡೀ ಆವರಣ ಉರಿಯಬಹುದು. ಹಾವಿನ ಭಯವೂ ಸುಳ್ಳಲ್ಲ. ಅದಕ್ಕೆಂದೇ ಹಾಸ್ಟೆಲ್, ಕಾಂಪೌಂಡು, ರಸ್ತೆಯ ಬದಿಯಲ್ಲಿ ಬೆಂಕಿ ರೇಖೆ ಬೇಕು, ಅಲ್ಲಿಯ ಎಲೆಯನ್ನು ಎತ್ತಲೇಬೇಕು. ಎತ್ತುವುದು ಬೇರೆ, ಸುಡುವುದು ಬೇರೆ. ಕಾಡಿನಂತೆ ಬೆಳೆದ ಒಳಭಾಗದಲ್ಲಿ ಎಲೆ ಬಿದ್ದಲ್ಲೇ ಕೊಳೆಯಲಿ, ಆ ಮರಗಳ ಊಟವೂ ಅದೇ. ನೀಲಗಿರಿ, ಅಕೇಶಿಯಾ ಎಲೆ ನಿಧಾನಕ್ಕೆ ಕೊಳೆಯುತ್ತದೆ, ಅದಕ್ಕೆ ಬೇರೆ ಗುಂಡಿ, ಹೆಚ್ಚು ಸಗಣಿ, ಹೆಚ್ಚು ತಾಳ್ಮೆ. ಎರೆಹುಳುವಿಗೆ ಹಾಕುವ ಮುಂಚೆ ಯಾವ ದರಗನ್ನಾದರೂ ಹದಿನೈದು ಇಪ್ಪತ್ತು ದಿನ ಸಗಣಿ ನೀರು ಹಾಕಿ ಕೊಳೆಸಬೇಕು, ಇಲ್ಲದಿದ್ದರೆ ಗುಡ್ಡೆಯ ಬಿಸಿಗೆ ಹುಳು ಸಾಯುತ್ತವೆ. ಹುಳು ಸತ್ತವು ಎಂದು ತೊಟ್ಟಿ ಖಾಲಿ ಬಿಟ್ಟವರಲ್ಲಿ ಬಹಳ ಮಂದಿ ಈ ಕೆಲಸ ಮಾಡಿರುವುದಿಲ್ಲ.

ದುಡ್ಡಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾರೆವು. ಕಂದಕ ತೋಡಲು ಜಾಗ ಇದೆ. ಎಲೆ ಪುಕ್ಕಟೆ. ಬೇಕಾಗಿರುವುದು ಒಂದು ಟ್ರೈಲರ್, ನಾಲ್ಕು ಜನ ಕಾಯಂ ಕೆಲಸಗಾರರು, ಮತ್ತೆ ತೋಟಗಾರಿಕೆ ವಿಭಾಗ, ಹಾಸ್ಟೆಲ್ ವಾರ್ಡನ್, ಎಂಜಿನಿಯರ್ ಮೂವರೂ ಒಟ್ಟಿಗೆ ಕೂತು ಒಪ್ಪಬೇಕಾದ ಒಂದು ಹಾಳೆ. ಕೊನೆಯದೇ ಕಷ್ಟ ಎಂದು ನಮಗೆ ಗೊತ್ತು. ಆದ ಗೊಬ್ಬರದಲ್ಲಿ ಅರ್ಧ ಆವರಣಕ್ಕೆ, ಅರ್ಧ ಭೂಮಿ ಕೊಟ್ಟ ಊರುಗಳ ಸಣ್ಣ ರೈತರಿಗೆ, ಖರ್ಚಿಗೆ ತಕ್ಕ ದರದಲ್ಲಿ. ಧರ್ಮಕ್ಕೆ ಬೇಡ, ರಶೀದಿ ಹಾಕಿ ಕೊಡಲಿ. ರಶೀದಿ ಇದ್ದರೆ ಮುಂದಿನ ವರ್ಷವೂ ಕೇಳಬಹುದು.

ನಿಮ್ಮ ಊರ ಪಕ್ಕ ಇಂಥ ಆವರಣ ಇದ್ದರೆ ನೀವೇ ಮಾಡಬಹುದಾದದ್ದು ಒಂದಿದೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರದ ಹಾಗೆ ಬರೆಯಿರಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಮೊದಲ ಅರ್ಜಿಯಲ್ಲಿ ಕೇಳಿ: ಕಳೆದ ಮೂರು ವರ್ಷಗಳಲ್ಲಿ ಆವರಣದಲ್ಲಿ ಬಿದ್ದ ಮತ್ತು ಕಡಿದ ಮರಗಳ ಸಂಖ್ಯೆ, ಹರಾಜಿನ ದಿನಾಂಕ, ಬಂದ ಮೊತ್ತ. ಎರಡನೆಯದರಲ್ಲಿ: ಎಲೆ ಕಸ ಸಾಗಿಸಲು ಯಾರಿಗೆ ಎಷ್ಟು ಪಾವತಿ ಆಗಿದೆ, ಎಲ್ಲಿಗೆ ಸಾಗಿಸಲಾಗಿದೆ, ಎರೆಗೊಬ್ಬರ ತೊಟ್ಟಿ ಕಟ್ಟಲು ಎಷ್ಟು ಖರ್ಚಾಗಿದೆ, ಪ್ರತಿ ವರ್ಷ ಅದರಿಂದ ಎಷ್ಟು ಕಿಲೋ ಗೊಬ್ಬರ ಬಂದಿದೆ. ಹೊಗೆ ಎದ್ದ ದಿನ ಫೋನಿನಲ್ಲಿ ಜಾಗ, ಹೊತ್ತು ಕಾಣುವಂತೆ ಫೋಟೋ ತೆಗೆದು ಇಟ್ಟುಕೊಳ್ಳಿ. ಫೋಟೋದಲ್ಲಿ ಮಾಲಿಯ ಮುಖ ಬೇಡ, ಅವರ ಕೂಲಿಗೆ ಕುತ್ತು ಬರುತ್ತದೆ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ, ಲೆಕ್ಕ ಕೂಡಿ ಇಲ್ಲೇ ಹಾಕುತ್ತೇವೆ. ಮುಂಗಾರು ಹಿಡಿಯುವ ಮೊದಲು ಅರ್ಜಿ ಹಾಕಿದರೆ, ಮುಂದಿನ ಎಲೆ ಉದುರುವ ಹೊತ್ತಿಗೆ ಕಂದಕ ತೋಡಿಸಲು ಅವರಿಗೆ ಆರೇಳು ತಿಂಗಳಾದರೂ ಸಿಗುತ್ತದೆ.